ತಿಪ್ಪರಲಾಗ

ಜುಲೈ 8, 2024, ಸೋಮವಾರ

ಬೆಳಿಗ್ಗೆ ಕೆಳಗಿನ ಮನೆಯ ಮಿಸೆಸ್ ಭಾಟಿಯಾ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಪ್ರಸಾದವಿರಬೇಕೆಂದು ಕೈ ಚಾಚಿದೆ. ಒಳಗಿದ್ದದ್ದು ಅವರ ಸೂರಿನಿಂದ ಉದುರಿದ ಗಾರೆ.

"ಭಾಯಿ ಸಾಹಬ್, ಮನೆಯಲ್ಲಿ ಮಗು ಇದೆಯೋ, ಆನೆಮರಿ ಸಾಕಿದ್ದೀರೋ?" ಎಂದು ಹಿಂದಿಯಲ್ಲಿ ವಿಚಾರಿಸಿದರು.

ಆನೆಮರಿ ಎಂದರೆ ನನ್ನ ಮೊಮ್ಮಗಳು ಶ್ರಾವ್ಯಾ. ವಯಸ್ಸು ಆರು, ತೂಕ ಹದಿನೇಳು ಕಿಲೋ. ದಿವಾನದಿಂದ ಸೋಫಾಕ್ಕೆ, ಸೋಫಾದಿಂದ ನೆಲಕ್ಕೆ, ನೆಲದಿಂದ ಮತ್ತೆ ದಿವಾನಕ್ಕೆ. ಇದು ಅವಳ ದಿನನಿತ್ಯದ ಪ್ರಯಾಣ. ಮೂವತ್ತನಾಲ್ಕು ವರ್ಷ ಕೇಂದ್ರ ಸರ್ಕಾರದ ಚಾಕರಿ ಮಾಡಿದವನು ನಾನು. ಕ್ಷಮೆ ಕೇಳುವುದರಲ್ಲಿ ಪಳಗಿದ್ದೇನೆ. ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿದ್ದಷ್ಟು ಕಾಲ ನಮ್ಮ ಮೇಲೆ ಒಂದು ದೂರೂ ಬಂದಿರಲಿಲ್ಲ. ಸ್ವಂತ ಮನೆಯೆಂದು ರಾಜಧಾನಿಯ ಅಂಚಿನ ದ್ವಾರಕಾಕ್ಕೆ ಬಂದ ಮೇಲೆ ಗಾರೆಯನ್ನು ಚೀಲದಲ್ಲಿ ಕಟ್ಟಿಸಿಕೊಳ್ಳುವ ಯೋಗ ಕೂಡಿಬಂತು.

ಸಂಜೆ ಸೊಸೆ ಧಾರಿಣಿ ಫೋನಿನಲ್ಲಿ ಪರಿಹಾರ ಹುಡುಕಿದಳು. ಪಕ್ಕದ ಸೆಕ್ಟರಿನಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಾರಂತೆ. ನಾಲ್ಕೂವರೆಯಿಂದ ಆರೂವರೆ. ಅಲ್ಲೇ ಹಾರಿ ಸುಸ್ತಾಗಿ ಬಂದರೆ ಮಿಸೆಸ್ ಭಾಟಿಯಾರ ಸೂರು ಉಳಿಯುತ್ತದೆ. ಆದರೆ ಕರೆದುಕೊಂಡು ಹೋಗುವವರು ಯಾರು? ಧಾರಿಣಿಗೆ ಗುರುಗ್ರಾಮದ ಆಫೀಸು. ಮಗ ಪೃಥ್ವಿ ವಾರದಲ್ಲಿ ನಾಲ್ಕು ದಿನ ಊರೂರು ಸುತ್ತಿ ಆಡಿಟ್ ಮಾಡುವವನು. ನನ್ನ ಹೆಂಡತಿ ರತ್ನಾಗೆ ಮಂಡಿನೋವು. ಎಲ್ಲರೂ ನನ್ನ ಕಡೆ ನೋಡಿದರು. ನಿವೃತ್ತ ನೌಕರನೆಂದರೆ ಮನೆಯ ಖಾಲಿ ಆಟೋ. ಯಾರು ಕೈ ಅಡ್ಡ ಹಿಡಿದರೂ ನಿಲ್ಲಬೇಕು.

ಜುಲೈ 11, ಗುರುವಾರ

ಮೊದಲ ದಿನ. ಕೋಚ್ ಸುಮಿತ್ ರೋಹತಕ್ ಕಡೆಯವನು. ಕುಳ್ಳ, ಕುತ್ತಿಗೆಯೇ ಇಲ್ಲ. ಹಿಂದೆ ಸೈನ್ಯದ ತಂಡದಲ್ಲಿದ್ದನಂತೆ. ಹೊಸ ಮಕ್ಕಳನ್ನೆಲ್ಲ ಒಂದು ಅಡ್ಡಕಂಬಿಗೆ ಜೋತುಬೀಳಿಸಿ ಸುಮ್ಮನೆ ನಿಂತ. ಮಕ್ಕಳು ಮಾಗಿದ ಮಾವಿನಂತೆ ಒಂದೊಂದಾಗಿ ಉದುರಿದವು. ನಮ್ಮವಳು ಉದುರಲಿಲ್ಲ. ಅವನೇ "ಬಸ್, ಉತರೋ" ಎಂದು ಇಳಿಸಬೇಕಾಯಿತು. ಇಳಿದವಳು, "ಸರ್, ಏಕ್ ಬಾರ್ ಔರ್?" ಎಂದಳು.

ಸುಮಿತ್ ನನ್ನ ಹತ್ತಿರ ಬಂದು ಅಪ್ಪ ಎಷ್ಟೆತ್ತರ, ಅಮ್ಮ ಎಷ್ಟೆತ್ತರ ಎಂದೆಲ್ಲ ಕೇಳಿ, ನನ್ನ ಕಾಲುಗಳನ್ನೂ ಒಮ್ಮೆ ದಿಟ್ಟಿಸಿದ. ನನ್ನ ಮದುವೆಯ ಮಾತುಕತೆಯಲ್ಲೂ ಯಾರೂ ನನ್ನನ್ನು ಇಷ್ಟು ಪರೀಕ್ಷಿಸಿರಲಿಲ್ಲ.

ನೋಡುವಂಥದ್ದು ಅಲ್ಲಿಯ ಬೆಂಚು. ಗೋಡೆಗೆ ತಾಗಿದ ಉದ್ದನೆಯ ಬೆಂಚಿನ ಮೇಲೆ ಅಪ್ಪ ಅಮ್ಮಂದಿರು ಕೋರ್ಟಿನ ತೀರ್ಪು ಕೇಳಲು ಬಂದವರಂತೆ ಕೂತಿರುತ್ತಾರೆ. ಚೌಧರಿ ಎಂಬಾತ ಸ್ಟಾಪ್‌ವಾಚ್ ತಂದಿದ್ದಾನೆ! ಮಗಳು ಪೀಹು ಕೈ ಮೇಲೆ ನಿಂತ ಕೂಡಲೇ ಒತ್ತುತ್ತಾನೆ, ಬಿದ್ದ ಕೂಡಲೇ ನಿಲ್ಲಿಸುತ್ತಾನೆ, ನಿಟ್ಟುಸಿರು ಬಿಡುತ್ತಾನೆ. ಅವನ ಹೊಟ್ಟೆ ನೋಡಿದರೆ ತನ್ನ ಬೂಟಿನ ಲೇಸನ್ನು ಕಂಡು ವರ್ಷಗಳಾಗಿರಬೇಕು. ತಾವು ಬಗ್ಗಲಾಗದವರು ಮಕ್ಕಳನ್ನು ಬಗ್ಗಿಸುವ ಜಾಗವಿದು. ನಾಳೆಯಿಂದ ಪೇಪರು ತೆಗೆದುಕೊಂಡು ಹೋಗುತ್ತೇನೆ.

ಜುಲೈ 30, ಮಂಗಳವಾರ

ಪೇಪರು ಮೊದಲ ಪುಟ ದಾಟುತ್ತಿಲ್ಲ. ಬೆಳಕು ಸಾಲದು.

ಚೌಧರಿ ಕೇಳಿದ: "ಅಂಕಲ್ ಜೀ, ನಿಮ್ಮ ಹುಡುಗಿಯ ಸ್ಪ್ಲಿಟ್ ನೆಲ ಮುಟ್ಟಿತೇ?"

ಕಾಲು ಎರಡೂ ಕಡೆ ಚಾಚಿ ಕೂರುವುದಕ್ಕೆ ಹಾಗೆನ್ನುತ್ತಾರೆ. "ನಾವು ಮೋಜಿಗೆ ಬರುವವರು" ಎಂದೆ. ಅವನು ಅಯ್ಯೋ ಪಾಪ ಎಂಬಂತೆ ನೋಡಿದ. ಅಂದಹಾಗೆ, ಶ್ರಾವ್ಯಾಳದು ಶುಕ್ರವಾರವೇ ಮುಟ್ಟಿದೆ. ಪೀಹುವಿನದು ಇನ್ನೂ ನಾಲ್ಕು ಬೆರಳು ಮೇಲಿದೆ.

ಆಗಸ್ಟ್ 10, ಶನಿವಾರ

ಟಿವಿಯಲ್ಲಿ ಒಲಿಂಪಿಕ್ಸ್ ನೋಡಿ, ಈ ದೊಡ್ಡ ಆಟಗಾರ್ತಿಯರೆಲ್ಲ ಹೇಗೆ ಶುರು ಮಾಡಿದರೆಂದು ಫೋನಿನಲ್ಲಿ ಹುಡುಕಿ ಓದುತ್ತ ಕೂತೆ. ಹೆಸರು ಬೇರೆ, ದೇಶ ಬೇರೆ, ಕಥೆ ಒಂದೇ. ಮಗು ಮನೆಯಲ್ಲಿ ಹಾರುತ್ತಿತ್ತು, ಸೋಫಾ ಮುರಿಯಿತು, ತಾಯಿ ತಡೆಯಲಾರದೆ ಜಿಮ್ನಾಸ್ಟಿಕ್ಸಿಗೆ ಸೇರಿಸಿದಳು, ಕೋಚು ನೋಡಿ ಬೆರಗಾದ. ಯಾರೂ ಒತ್ತಾಯ ಮಾಡಲೇ ಇಲ್ಲವಂತೆ. ಒಂದು ಮುರಿದ ಸೋಫಾ ಇಲ್ಲದೆ ಯಾವ ಪದಕವೂ ಹುಟ್ಟಿದಂತಿಲ್ಲ.

ರತ್ನಾಗೆ ಓದಿ ಹೇಳಿದೆ. ಬೆಂಡೆಕಾಯಿ ಹೆಚ್ಚುತ್ತಲೇ, "ನಮ್ಮ ಪೃಥ್ವಿನೂ ಸೋಫಾ ಮುರಿದಿದ್ದ ಕಣ್ರೀ. ಈಗ ಆಡಿಟ್ ಮಾಡ್ತಿದಾನೆ" ಎಂದಳು.

ಅವಳಿಗೆ ದೂರದೃಷ್ಟಿ ಕಡಿಮೆ.

ಸೆಪ್ಟೆಂಬರ್ 3, ಮಂಗಳವಾರ

ಸುಮಿತ್ ನಲವತ್ತು ಮಕ್ಕಳಲ್ಲಿ ನಾಲ್ವರನ್ನು ಆರಿಸಿ ಬೇರೆ ಬ್ಯಾಚು ಮಾಡಿದ. ಶ್ರಾವ್ಯಾ ಇದ್ದಾಳೆ. ಪೀಹು ಇಲ್ಲ. ಚೌಧರಿ ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡು ಮಗಳ ಕೂದಲು ಸರಿಮಾಡಿ, "ಚಲ್ ಬೇಟಾ, ಗೋಲ್‌ಗಪ್ಪಾ ತಿನ್ನೋಣ" ಎಂದು ಕರೆದೊಯ್ದ. ನನಗೇನೂ ಅನ್ನಿಸಲಿಲ್ಲ. ಮನೆಗೆ ಬಂದು ರತ್ನಾಗೆ ಶಾವಿಗೆ ಪಾಯಸ ಮಾಡಲು ಹೇಳಿದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ವಾರಕ್ಕೆ ಆರು ದಿನ.

ಸೆಪ್ಟೆಂಬರ್ 21, ಶನಿವಾರ

ಒಂದು ಫೈಲು ತೆರೆದಿದ್ದೇನೆ. ಹಸಿರು ರಟ್ಟು, ದಾರ ಕಟ್ಟುವಂಥದ್ದು, ಮೇಲೆ "ಕು. ಶ್ರಾವ್ಯಾ ಪೃಥ್ವಿ: ಪ್ರಗತಿ". ದಿನಾಂಕ, ಕಸರತ್ತು, ಎಷ್ಟು ಸೆಕೆಂಡು, ಷರಾ. ಚೌಧರಿಯಂತೆ ಸ್ಟಾಪ್‌ವಾಚ್ ಹಿಡಿದು ಕೂರುವವನಲ್ಲ ನಾನು, ಫೋನಿನಲ್ಲೇ ಇದೆ.

ಸಂಜೆ ರತ್ನಾ ಮಗುವಿನ ಕೈಗೆ ಎರಡು ಚಕ್ಕುಲಿ ಕೊಟ್ಟಳು. ಒಂದನ್ನು ವಾಪಸು ತೆಗೆದುಕೊಂಡೆ.

"ಏನ್ರೀ ಇದು?"

"ಎಣ್ಣೆ ಪದಾರ್ಥ. ತೂಕ ಏರಿದ್ರೆ ಮಣಿಕಟ್ಟಿನ ಮೇಲೆ ಭಾರ."

"ಹದಿನೇಳು ಕಿಲೋ ಇದೆ ಮಗು. ನಿಮ್ಮ ತಲೇನೇ ಅಷ್ಟು ತೂಗತ್ತೆ."

ಶ್ರಾವ್ಯಾ ಇಬ್ಬರನ್ನೂ ನೋಡಿ ಉಳಿದ ಚಕ್ಕುಲಿಯನ್ನೂ ತಟ್ಟೆಯಲ್ಲಿ ಇಟ್ಟುಬಿಟ್ಟಳು. ಶಿಸ್ತು ಎಂದರೆ ಇದು.

ನವೆಂಬರ್ 19, ಮಂಗಳವಾರ

ಹೊಗೆ. ಎದುರಿನ ಟವರು ಕಾಣುತ್ತಿಲ್ಲ. ಶಾಲೆ ಬಂದ್, ಅಕಾಡೆಮಿಯೂ ಬಂದ್. ಜನವರಿ ಹತ್ತೊಂಬತ್ತಕ್ಕೆ ಸ್ಪರ್ಧೆ ಇಟ್ಟುಕೊಂಡು ಈ ಸುಮಿತ್ ರಜೆ ಕೊಡುತ್ತಾನೆ! ನಾನೇ ಹಾಲ್‌ನಲ್ಲಿ ಹಾಸಿಗೆ ಹಾಸಿ ಅಭ್ಯಾಸ ಶುರು ಮಾಡಿಸಿದೆ. ಗೋಡೆಗೆ ಕಾಲು ಒರಗಿಸಿ ಕೈ ಮೇಲೆ ನಿಲ್ಲುವುದು ಐವತ್ತು ಸಲ, ಪಕ್ಕಕ್ಕೆ ಲಾಗ ಮೂವತ್ತು ಸಲ. ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ.

ಹನ್ನೊಂದು ಗಂಟೆಗೆ ಮಿಸೆಸ್ ಭಾಟಿಯಾ ಬಂದರು, ಅದೇ ಚೀಲ.

"ಮೇಡಂ, ದೇಶಕ್ಕಾಗಿ ಆಡಬೇಕಾದ ಮಗು. ಸ್ವಲ್ಪ ಗಾರೆ ಉದುರಿದರೆ ಏನಾಯಿತು?" ಎಂದೆ.

ಅವರು ಬಾಗಿಲಲ್ಲೇ ನಿಂತು ಶ್ರಾವ್ಯಾಳನ್ನು ನೋಡಿದರು. ತಲೆಕೆಳಗಾಗಿ ನಿಂತು ಅವಳ ಮುಖ ಕೆಂಪಾಗಿತ್ತು. "ದೇಶಕ್ಕೆ ಇನ್ನೂ ಹಾಲು ಹಲ್ಲು ಬಿದ್ದಿಲ್ಲ, ಭಾಯಿ ಸಾಹಬ್" ಎಂದು ಹೊರಟುಹೋದರು. ಜನಕ್ಕೆ ದೇಶಪ್ರೇಮವೇ ಇಲ್ಲ.

"ತಾತಾ, ಡ್ರಾಯಿಂಗ್ ಮಾಡ್ಲಾ?"

"ಇನ್ನು ಹತ್ತು."

"ಆಗ್ಲೇ ಹತ್ತು ಅಂದಿದ್ರಿ."

"ಅದು ಹಳೇ ಹತ್ತು."

ಡಿಸೆಂಬರ್ 6, ಶುಕ್ರವಾರ

ಶ್ರಾವ್ಯಾ ಆಟೋದಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು. "ತಾತಾ, ಇಲ್ಲಿ ದುಖ್ತಾ ಇದೆ." ಮುಟ್ಟಿ ನೋಡಿದೆ. ಊತ ಕಾಣಲಿಲ್ಲ. ಚಳಿಗೆ ಎಲ್ಲರಿಗೂ ಕೀಲು ಹಿಡಿಯುತ್ತದೆ, ನನಗೂ ಹಿಡಿಯುತ್ತದೆ ಎಂದೆ. ಮನೆಗೆ ಬಂದು ನೋವಿನೆಣ್ಣೆ ತಿಕ್ಕಿದೆ. "ಅಮ್ಮನಿಗೆ ಹೇಳೋದೇನೂ ಬೇಡ, ಸುಮ್ನೆ ಗಾಬರಿ ಆಗ್ತಾಳೆ" ಎಂದೆ. ಧಾರಿಣಿಗೆ ಮೊದಲೇ ಆಫೀಸಿನಲ್ಲಿ ಒತ್ತಡ. ಅವಳ ಅನುಕೂಲ ನೋಡಿ ಹೇಳಿದ್ದು.

ಫೈಲಿನಲ್ಲಿ ಷರಾ ಬರೆದಿದ್ದೇನೆ.

ಡಿಸೆಂಬರ್ 21, ಶನಿವಾರ

ಊಟದ ಹೊತ್ತಿನಲ್ಲಿ ರತ್ನಾ, "ಪುಟ್ಟಿ, ಎಡಗೈಲಿ ಯಾಕೆ ತಿಂತಿದೀಯ?" ಎಂದಳು.

ಶ್ರಾವ್ಯಾ ನನ್ನ ಮುಖ ನೋಡಿದಳು. ಆಮೇಲೆ, "ಸ್ಟೈಲ್ ಅಜ್ಜಿ" ಎಂದಳು.

ಜಾಣೆ. ನಾನೇನೂ ಹೇಳಿಕೊಟ್ಟಿರಲಿಲ್ಲ.

ಜನವರಿ 3, 2025, ಶುಕ್ರವಾರ

ಮಂಜು. ಆಟೋ ಭಯ್ಯಾ ದಾರಿ ಕಾಣದೆ ಎರಡು ಸಲ ಒಂದೇ ವೃತ್ತ ಸುತ್ತಿದ. ತಡವಾಗಿ ಹೋದದ್ದಕ್ಕೆ ಸುಮಿತ್ ಬೈಯಲಿಲ್ಲ, ಈಚೆಗೆ ಮೆತ್ತಗಾಗಿದ್ದಾನೆ. ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಯಾರಿಗಾದರೂ ಎಲ್ಲಾದರೂ ನೋವಿದೆಯಾ ಎಂದು ಕೇಳಿದ. ನಾನು ಬೆಂಚಿನ ಮೇಲಿದ್ದೆ. ಶ್ರಾವ್ಯಾ ನನ್ನ ಕಡೆ ನೋಡಿ, "ನೋ ಸರ್" ಎಂದಳು. ಎಲ್ಲರಿಗಿಂತ ಜೋರಾಗಿ ಹೇಳಿದಳು. ಹೆಮ್ಮೆಯಾಯಿತು.

ತಿಪ್ಪರಲಾಗ ಹಾಕಿದರೂ ನನಗೆ ಡೈರೆಕ್ಟರ್ ಹುದ್ದೆ ಸಿಗಲಿಲ್ಲ. ಉಪಕಾರ್ಯದರ್ಶಿಯಾಗಿಯೇ ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಇದನ್ನು ಇಲ್ಲೇಕೆ ಬರೆದೆನೋ ಗೊತ್ತಿಲ್ಲ. ಹದಿನಾರು ದಿನ ಉಳಿದಿದೆ.

ಜನವರಿ 19, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ರೋಹಿಣಿ ಬಡಾವಣೆಯ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಸ್ಪರ್ಧೆ. ಮನೆಯವರೆಲ್ಲ ಬಂದಿದ್ದರು. ಚೌಧರಿಯೂ ಪೀಹುವನ್ನು ಕರೆತಂದಿದ್ದ. "ಗೆಳತಿಯನ್ನು ನೋಡಬೇಕು ಅಂದಳು" ಎಂದ. ನಾನು ಫೈಲು ಹಿಡಿದು ಗ್ಯಾಲರಿಯ ಮೊದಲ ಸಾಲಿನಲ್ಲಿ ಕೂತೆ. ಶ್ರಾವ್ಯಾ ನೀಲಿ ಉಡುಪಿನಲ್ಲಿ ಹಾಸಿನ ಮೇಲೆ ಬಂದು, ತೀರ್ಪುಗಾರರಿಗೆ ಕೈ ಎತ್ತಿ ವಂದಿಸಿದಳು. ಮೊದಲ ಲಾಗ ಶುದ್ಧ. ಎರಡನೆಯದೂ. ಆಮೇಲೆ ಕೈ ಮೇಲೆ ನಿಲ್ಲಬೇಕು. ನಿಂತಳು. ಒಂದು, ಎರಡು ಎಂದು ಎಣಿಸುತ್ತಿದ್ದೆ. ಮೂರು ಬರುವ ಮೊದಲೇ ಕಾಲು ಇಳಿಸಿಬಿಟ್ಟಳು. ಬಿದ್ದದ್ದಲ್ಲ, ತಾನಾಗಿ ಇಳಿಸಿದಳು. ಎದ್ದು ನಿಂತು, ಹಾಸು ದಾಟಿ, ನೆಟ್ಟಗೆ ಸುಮಿತ್ ಹತ್ತಿರ ನಡೆದುಹೋದಳು.

"ಇನ್ನೂ ಮುಗಿದಿಲ್ಲ! ವಾಪಸ್ ಹೋಗು! ಜಾವೋ!" ಎಂದು ಯಾರೋ ಕಿರುಚಿದರು. ಇಡೀ ಗ್ಯಾಲರಿ ತಿರುಗಿ ನನ್ನನ್ನು ನೋಡಿತು. ನಾನೇ ಇರಬೇಕು.

ನಾನು ಕೆಳಗಿಳಿದು ಹೋಗುವಷ್ಟರಲ್ಲಿ ಸುಮಿತ್ ಮಂಡಿಯೂರಿ ಅವಳ ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಅವಳು ತುಟಿ ಕಚ್ಚಿದಳು.

"ಕಬ್ ಸೇ?"

"ಜಬ್ ಸ್ಕೂಲ್ ಬಂದ್ ಥಾ, ತಬ್ ಸೇ." ಹೊಗೆಗೆ ಶಾಲೆ ಮುಚ್ಚಿದ್ದಾಗಿನಿಂದ.

"ಯಾರಿಗಾದರೂ ಹೇಳಿದ್ದೆಯಾ?"

"ತಾತಾ ಕೋ."

ಧಾರಿಣಿ ನನ್ನ ಹಿಂದೆಯೇ ಬಂದಿದ್ದಳು. ಸುಮಿತ್ ಎದ್ದು ನಿಂತ. ಅವನು ನನ್ನ ಭುಜದೆತ್ತರ; ಆದರೂ ನಾನು ತಲೆ ಎತ್ತಿ ನೋಡಿದ ಹಾಗೆ ನೆನಪು.

"ಅಂಕಲ್ ಜೀ, ನಾನು ಮಕ್ಕಳಿಗೆ ಬೈಯುತ್ತೇನೆ, ಕೂಗುತ್ತೇನೆ. ನೋವು ಮುಚ್ಚಿಡು ಅಂತ ಮಾತ್ರ ಇಷ್ಟು ವರ್ಷದಲ್ಲಿ ಒಬ್ಬರಿಗೂ ಹೇಳಿಲ್ಲ."

ಮುಚ್ಚಿಡು ಎಂದು ನಾನೂ ಹೇಳಿಲ್ಲ. ಹೇಳಬೇಕಾಗಿಲ್ಲ ಎಂದೆ ಅಷ್ಟೆ. ಎರಡಕ್ಕೂ ವ್ಯತ್ಯಾಸವಿದೆ. ಅಲ್ಲಿ ವಿವರಿಸುವ ಸಂದರ್ಭವಿರಲಿಲ್ಲ.

ಚೌಧರಿ ಕಾರು ತಂದು ಆಸ್ಪತ್ರೆಗೆ ಬಿಟ್ಟ. ಪೀಹು ಹಿಂದಿನ ಸೀಟಿನಲ್ಲಿ ಶ್ರಾವ್ಯಾಳಿಗೆ ತನ್ನ ಚಾಕಲೇಟಿನಲ್ಲಿ ಅರ್ಧ ಕೊಟ್ಟಳು. ಶ್ರಾವ್ಯಾ ತಿನ್ನುವ ಮೊದಲು ಕನ್ನಡಿಯಲ್ಲಿ ನನ್ನ ಕಣ್ಣು ಹುಡುಕಿದಳು. ನಾನು ಕಿಟಕಿಯ ಕಡೆ ತಿರುಗಿದೆ.

ಜನವರಿ 20, ಸೋಮವಾರ

ಮಣಿಕಟ್ಟಿನ ಹತ್ತಿರ ಎಲುಬು ಬೆಳೆಯುವ ಜಾಗಕ್ಕೆ ಪೆಟ್ಟಾಗಿದೆಯಂತೆ. ಒಂದೇ ದಿನ ಬಿದ್ದು ಆದದ್ದಲ್ಲ, ದಿನಾ ಭಾರ ಬಿದ್ದು ಆದದ್ದು. ಆರು ವಾರ ಪ್ಲಾಸ್ಟರು. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಆ ಕೈ ಸರಿಯಾಗಿ ಬೆಳೆಯುತ್ತಿರಲಿಲ್ಲ ಎಂದರು ಡಾಕ್ಟರು. ಡಾಕ್ಟರುಗಳು ಸ್ವಲ್ಪ ಹೆಚ್ಚೇ ಹೇಳುತ್ತಾರೆ.

ಮಧ್ಯಾಹ್ನ ಧಾರಿಣಿ ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು. ದನಿ ಏರಿಸಲಿಲ್ಲ.

"ಮಾವ, ನಿಮಗೆ ಗೊತ್ತಿದ್ದೂ ನನಗೆ ಹೇಳ್ಲಿಲ್ವಾ?"

"ಎಲ್ಲವನ್ನೂ ದಾಖಲೆ ಮಾಡಿದೀನಮ್ಮ. ಏನೂ ಬಚ್ಚಿಟ್ಟಿಲ್ಲ" ಎಂದು ಫೈಲು ಕೊಟ್ಟೆ.

ಅವಳು ದಾರ ಬಿಚ್ಚಿ ಓದಿದಳು. ಒಂದು ಪುಟ, ಇನ್ನೊಂದು ಪುಟ. ಆಮೇಲೆ ಗಟ್ಟಿಯಾಗಿ ಓದತೊಡಗಿದಳು. "ಡಿಸೆಂಬರ್ ಆರು. ಬಲ ಮಣಿಕಟ್ಟು, ಅಲ್ಪ ನೋವು, ಗಮನಿಸಲಾಗಿದೆ. ಡಿಸೆಂಬರ್ ಹದಿಮೂರು. ನೋವು ಮುಂದುವರಿದಿದೆ, ಗಮನಿಸಲಾಗಿದೆ. ಡಿಸೆಂಬರ್ ಇಪ್ಪತ್ತೊಂದು. ಎಡಗೈ ಬಳಕೆ, ಗಮನಿಸಲಾಗಿದೆ. ಜನವರಿ ಹತ್ತು. ಬಟನ್ ಹಾಕಿಕೊಳ್ಳಲು ಆಗುತ್ತಿಲ್ಲ, ಗಮನಿಸಲಾಗಿದೆ."

ಅಡುಗೆಮನೆಯಲ್ಲಿ ರತ್ನಾ ನಲ್ಲಿ ನಿಲ್ಲಿಸಿದಳು.

ಧಾರಿಣಿ ಫೈಲನ್ನು ಮುಚ್ಚಿ, ದಾರವನ್ನು ಮೊದಲಿದ್ದಂತೆಯೇ ಕಟ್ಟಿ, ನನ್ನ ತೊಡೆಯ ಮೇಲೆ ಇಟ್ಟು ಎದ್ದು ಹೋದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಉತ್ತರ ಸಿದ್ಧವಿತ್ತು.

ಜನವರಿ 23, ಗುರುವಾರ

ಬರೆಯುವಂಥದ್ದೇನೂ ನಡೆಯಲಿಲ್ಲ. ಮನೆಯಲ್ಲಿ ಸದ್ದಿಲ್ಲ. ಮಿಸೆಸ್ ಭಾಟಿಯಾ ಮಗುವಿಗೆಂದು ಗಾಜರ್ ಹಲ್ವಾ ಕಳಿಸಿದರು.

ಫೆಬ್ರವರಿ 6, ಗುರುವಾರ

ನಾಲ್ಕೂವರೆಗೆ ವಾಕಿಂಗ್ ಹೊರಟೆ. ಕಾಲು ಅಕಾಡೆಮಿಯ ಕಡೆ ತಿರುಗಿತು. ಹಳೇ ಅಭ್ಯಾಸ. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತೆ. ಐದು ವರ್ಷದ ಮಗುವನ್ನು ಕರೆತಂದ ಹೊಸಬರೊಬ್ಬರು ಇದ್ದರು. ಸ್ನೇಹಲತಾ ಎಂದು ಹೆಸರು, ಉಡುಪಿ ಕಡೆಯವರು, ಗಂಡನ ಹೋಟೆಲು ಇಲ್ಲೇ ಮಾರ್ಕೆಟ್ಟಿನಲ್ಲಿ. ಕನ್ನಡ ಕೇಳಿ ಇಬ್ಬರಿಗೂ ಖುಷಿಯಾಯಿತು.

"ನಿಮ್ಮ ಮೊಮ್ಮಗಳು ತುಂಬಾ ಚೆನ್ನಾಗಿ ಮಾಡ್ತಾಳಂತೆ. ಹೇಗೆ ಶುರು ಮಾಡಿಸಿದ್ರಿ?"

"ನಾವೇನೂ ಮಾಡಿಸಲಿಲ್ಲಮ್ಮ. ಸೋಫಾದ ಮೇಲೆ ಹಾರ್ತಿದ್ಲು, ತಂದು ಬಿಟ್ವಿ. ಉಳಿದದ್ದು ರಕ್ತದಲ್ಲೇ ಇತ್ತು. ಒತ್ತಾಯ ಮಾಡೋ ಪ್ರಶ್ನೆಯೇ ಬರ್ಲಿಲ್ಲ."

"ಒಳ್ಳೇದು ನೋಡಿ. ಕೆಲವರು ಮಕ್ಕಳನ್ನ ತುಂಬಾ ಹಿಂಸೆ ಮಾಡ್ತಾರಪ್ಪ."

"ಇದ್ದಾರೆ, ಅಂಥವರೂ ಇದ್ದಾರೆ" ಎಂದು ಚೌಧರಿಯ ಕಡೆ ನೋಡಿದೆ. ಅವನು ಪೀಹುವಿಗೆ ಕೈ ಬೀಸುತ್ತಿದ್ದ. ಕೈಯಲ್ಲಿ ಸ್ಟಾಪ್‌ವಾಚ್ ಇರಲಿಲ್ಲ. ಯಾವಾಗಿನಿಂದ ಇಲ್ಲವೋ, ನಾನು ಗಮನಿಸಿರಲಿಲ್ಲ.

ಮಾರ್ಚ್ 5, ಬುಧವಾರ

ಪ್ಲಾಸ್ಟರು ಬಿಚ್ಚಿದರು. ಕೈ ಸಣಕಲಾಗಿದೆ, ಬೆಳ್ಳಗಾಗಿದೆ. ಮೂಳೆ ಕೂಡಿದೆ, ನಿಧಾನವಾಗಿ ಆಡಬಹುದೆಂದರು.

ಊಟಕ್ಕೆ ಕೂತಾಗ ಧಾರಿಣಿ ಎಲ್ಲರೆದುರು ಕೇಳಿದಳು: "ಶ್ರಾವ್ಯಾ, ಮತ್ತೆ ಹೋಗ್ಬೇಕಾ, ಬೇಡ್ವಾ? ನೀನೇ ಹೇಳು. ಬೇರೆ ಯಾರೂ ಹೇಳಲ್ಲ." ಬೇರೆ ಯಾರೂ ಎನ್ನುವಾಗ ಯಾರ ಕಡೆಯೂ ನೋಡಲಿಲ್ಲ.

"ಸೋಚ್ ಕೇ ಬತಾತೀ ಹೂಂ" ಎಂದಳು ಮಗು. ಏಳು ತುಂಬದವಳು ಯೋಚಿಸಿ ಹೇಳುತ್ತಾಳಂತೆ!

ಮಾರ್ಚ್ 7, ಶುಕ್ರವಾರ

ಯೋಚನೆ ಮುಗಿಯಿತು. "ಹೋಗ್ತೀನಿ. ಬಾರ್ ಮೇಲೆ ಲಟಕ್‌ನಾ ನಂಗೆ ಇಷ್ಟ. ಪರ್ ತಾತಾ ಅಂದರ್ ನಹೀ."

ಪೃಥ್ವಿ ಕೆಮ್ಮಿದ. "ಹಾಗಾದ್ರೆ ಕರ್ಕೊಂಡು ಹೋಗೋರು ಯಾರು ಪುಟ್ಟಿ?"

"ತಾತಾನೇ. ಆಟೋದಲ್ಲಿ ತಾತಾ ಚೆನ್ನಾಗಿರ್ತಾರೆ. ಒಳಗೆ ಬೇಡ."

ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ನನ್ನ ಬಗ್ಗೆ ಇಷ್ಟು ಚಿಕ್ಕ ಆದೇಶ ಹೊರಟಿರಲಿಲ್ಲ. ಮೇಲ್ಮನವಿಗೂ ಅವಕಾಶವಿದ್ದಂತೆ ಕಾಣಲಿಲ್ಲ.

ಮಾರ್ಚ್ 24, ಸೋಮವಾರ

ಗೇಟಿನ ಹೊರಗೆ ಬೇವಿನ ಮರ, ಅದರಡಿ ಕಬ್ಬಿನ ಹಾಲಿನ ಗಾಡಿ. ಭಯ್ಯಾ ಒಂದು ಸ್ಟೂಲು ಕೊಟ್ಟಿದ್ದಾನೆ. ಅಕಾಡೆಮಿಯ ಕಿಟಕಿಗಳು ಆಳೆತ್ತರಕ್ಕಿಂತ ಮೇಲಿವೆ. ಒಳಗಿನದೇನೂ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ಓಡಿ ಬರುವ ಪಾದಗಳು, ಹಲಗೆ ಧಡ್ ಎನ್ನುವುದು, ಹಾಸಿನ ಮೇಲೆ ಯಾರೋ ಬೀಳುವುದು, ನಗು. ಮೊದಮೊದಲು ಇದು ಅವಳ ಓಟ, ಇದು ಅವಳು ಬಿದ್ದದ್ದು ಎಂದು ಗುರುತಿಸಲು ನೋಡುತ್ತಿದ್ದೆ. ಎಲ್ಲ ಮಕ್ಕಳ ಕಾಲಿನ ಸದ್ದೂ ಒಂದೇ ಥರ ಕೇಳುತ್ತದೆ. ಬಿಟ್ಟುಬಿಟ್ಟೆ.

ಆರೂವರೆಗೆ ಹೊರಗೆ ಬಂದಳು. ಕೂದಲೆಲ್ಲ ಬೆವರಿಗೆ ಅಂಟಿತ್ತು. "ಚಲೋ ತಾತಾ." ಆಟೋ ಹತ್ತಿದೆವು. ನಾನು ಏನೂ ಕೇಳಲಿಲ್ಲ. ಕೇಳಿ ಪ್ರಯೋಜನವೂ ಇಲ್ಲ, ಹೇಳುವುದಿಲ್ಲ. ಮೆಟ್ರೋ ಕಂಬಗಳನ್ನು ಎಣಿಸುತ್ತ ಕೂತಿದ್ದವಳು ಒಂಬತ್ತನೆಯ ಕಂಬಕ್ಕೆ ತಾನಾಗಿಯೇ, "ಇವತ್ತು ಬೀಮ್ ಮೇಲಿಂದ ಬಿದ್ದೆ" ಎಂದಳು.

"ನೋವಾಯ್ತಾ?"

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಇನ್ನೂ ಎರಡು ಕಂಬ ಹೋದವು.

"ಥೋಡಾ ಸಾ. ಮಂಡಿಗೆ. ಸರ್‌ಗೆ ಹೇಳ್ದೆ, ಐಸ್ ಇಟ್ರು."

ಮನೆಯ ಬಾಗಿಲು ತೆರೆದವಳು ಧಾರಿಣಿ. ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ಇವತ್ತು ಬಿದ್ದಿದಾಳಮ್ಮ. ಬಲ ಮಂಡಿ. ಸ್ವಲ್ಪ ನೋವಿದೆಯಂತೆ, ನೋಡು." ಧಾರಿಣಿ, "ಸರಿ ಮಾವ, ನೋಡ್ತೀನಿ. ಕಾಫಿ ಬಿಸಿ ಇದೆ, ಕುಡೀರಿ" ಎಂದಳು. ಜನವರಿಯಿಂದ ಈಚೆಗೆ ಅವಳು ನನ್ನೊಡನೆ ಆಡಿದ ಅತ್ಯಂತ ಉದ್ದನೆಯ ಮಾತು.

ದಿವಾನದ ಮೇಲೆ ಕೂತಿದ್ದ ರತ್ನಾ ಯಾಕೋ ನನ್ನನ್ನೇ ನೋಡುತ್ತಿದ್ದಳು. ನೋಡುವಂಥದ್ದು ಏನಿತ್ತೋ.